ನೂರು ಲೀಟರ್ ಮೇಲಿನ ಡಬರಿಗೆ ಗ್ಯಾಸ್ ಭಟ್ಟಿ: ಯಾವ ಬರ್ನರ್, ಎಷ್ಟು ಸಿಲಿಂಡರ್, ಹೆಂಗ ಜೋಡಸೋದು?

ಕೆಲಗೇರಿ ದಾಸೋಹ, ಧಾರವಾಡ

ಎಲ್ಲಾರಿಗೂ ನಮಸ್ಕಾರ್ರಿ. ಗುಡಿ ದಾಸೋಹಕ್ಕ ಕಟ್ಟಗಿ ಒಲಿ ಬಿಟ್ಟು ಗ್ಯಾಸಿಗೆ ಹೋಗೋದು ನಿಕ್ಕಿ ಆಗೇತಿ. ತಿಂಗಳಿಗೆ ಎರಡು ಸರ್ತಿ, ಸರ್ತಿಗೆ 300ರಿಂದ 350 ಮಂದಿ. ಗೋದಿ ಹುಗ್ಗಿ, ಅನ್ನ, ಸಾರು, ಬದನಿಕಾಯಿ ಪಲ್ಯ. ಪಾತ್ರಿ: 120 ಲೀಟರಿನ ಎರಡು ಅಲ್ಯೂಮಿನಿಯಂ ಡಬರಿ (ತಳದ ಅಗಲ 60 ಸೆಂ.ಮೀ., ಎತ್ತರ 45), ಒಂದು ಕಲಾಯಿ ಹಾಕಿದ ಹಿತ್ತಾಳಿ ಕೊಪ್ಪರಿಗಿ. ಜಾಗಾ ತಗಡಿನ ಶೆಡ್ಡು, ಮೂರು ಕಡೆ ಬಯಲು.

ಕೇಳಬೇಕಾದ್ದು ನಾಲ್ಕು. ಅಂಗಡ್ಯಾಗ ಟಿ-22, ಟಿ-35 ಅಂತಾರ, ಯಾವುದು ತಗೋಬೇಕು? ಮನಿ ರೆಗ್ಯುಲೇಟರ್ ನಡೀತೈತೋ? ಸಿಲಿಂಡರ್ ಒಂದು ಸಾಕೋ? ಹಳೆ ಒಲಿ ತೆಗ್ಗಿನಾಗೈತಿ, ಅದರಾಗ ಬರ್ನರ್ ಇಳಸಬಹುದೇನು?

ಭಟ್ಟಿ ಜೋಡಣಿ, ಹುಬ್ಬಳ್ಳಿ

ಕೊನೀ ಪ್ರಶ್ನಿಗೆ ಮೊದಲು ಉತ್ತರ. ತೆಗ್ಗಿನೊಳಗ ಗ್ಯಾಸ್ ಬರ್ನರ್ ಇಡಬ್ಯಾಡ್ರಿ. ಕಟ್ಟಗಿಗೆ ತೆಗ್ಗು ಛಲೋ, ಗ್ಯಾಸಿಗೆ ಅಲ್ಲ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಗಾಳಿ ಬೀಸಿ ಉರಿ ಆರಿತು ಅಂದ್ರ ಬರೋ ಗ್ಯಾಸ್ ಮ್ಯಾಲ ಹಾರಿ ಹೋಗಂಗಿಲ್ಲ, ನೀರಿನಂಗ ತೆಗ್ಗು ಹಿಡದು ಕುಂದ್ರತೈತಿ. ಗಾಳಿಯೊಳಗ ನೂರಕ್ಕ 2 ಭಾಗ ಕೂಡಿದ್ರ ಸಾಕು, ಮತ್ತ ಕಡ್ಡಿ ಗೀರಿದಾಗ ಭಗ್ ಅಂತೈತಿ. ತೆಗ್ಗು ಮುಚ್ಚಿ ನೆಲಾ ಸಮ ಮಾಡ್ರಿ, ಕಬ್ಬಿಣದ ಸ್ಟ್ಯಾಂಡ್ ಮಾಡಸ್ರಿ. ಹತ್ತಿರ ಗಟಾರ, ಚೇಂಬರ್ ಇದ್ರ ಸಿಲಿಂಡರ್ ಅದರಿಂದ ದೂರ ಇರಲಿ.

ಮನಿ ರೆಗ್ಯುಲೇಟರ್ ಹೊರಗ ಬಿಡೋ ಒತ್ತಡ ಸುಮಾರು 30 ಮಿಲಿಬಾರ್. ಅದು ಮನಿ ಒಲಿಗೆ ಲೆಕ್ಕಾ ಹಾಕಿ ಮಾಡಿದ್ದು. ಹೈ ಪ್ರೆಶರ್ ಬರ್ನರಿಗೆ ಅದನ್ನ ಹಾಕಿದ್ರ ಉರಿ ಮಕ್ಕಳು ಊದಿದಂಗ ಬರತೈತಿ. ತಿರುಗಣಿ ಇರೋ, ಒತ್ತಡ ಹೆಚ್ಚು ಕಡಿಮಿ ಮಾಡೋ ಹೈ ಪ್ರೆಶರ್ ರೆಗ್ಯುಲೇಟರ್ ಬೇಕು, ಅದಕ್ಕ ಒತ್ತಡ ತೋರಸೋ ಮೀಟರ್ ಕುಂದರಸಿದ್ದು ಇದ್ರ ಇನ್ನೂ ಛಲೋ. ಮೀಟರ್ ಇಲ್ಲದ ರೆಗ್ಯುಲೇಟರ್ ತಿರುವೋದು ಕಣ್ಣು ಕಟ್ಟಿ ಉಪ್ಪು ಹಾಕಿದಂಗ.

ಕೆಂಪು ಮನಿ ಸಿಲಿಂಡರ್ ದಾಸೋಹಕ್ಕ ಬಳಸಬ್ಯಾಡ್ರಿ. 14.2 ಕೆ.ಜಿ.ದು ಮನಿ ಅಡಿಗಿಗೆ ಮಾತ್ರ, 2000ದ ಎಲ್‌ಪಿಜಿ ಸರಬರಾಜು ಆದೇಶದಾಗ ಅದು ಸ್ಪಷ್ಟ ಐತಿ. 19 ಕೆ.ಜಿ.ದು ತಗೋರಿ.

ಕಾವಿನ ಲೆಕ್ಕ, ಧಾರವಾಡ

ಟಿ-22, ಟಿ-35 ಎಂಬುದು ಬರ್ನರ್ ತಲೆಯ ಅಳತೆಗೆ ಅಂಗಡಿಯವರು ಇಟ್ಟುಕೊಂಡ ಹೆಸರು. 35 ದೊಡ್ಡದು, ಅಷ್ಟೇ. ಕಾವು ಎಷ್ಟು ಎಂದು ಅದು ಹೇಳುವುದಿಲ್ಲ. ಕಾವನ್ನು ತೀರ್ಮಾನಿಸುವುದು ಜೆಟ್‌ನ (ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಸಣ್ಣ ಮೂತಿ) ರಂಧ್ರ ಮತ್ತು ಒತ್ತಡ. ಆದ್ದರಿಂದ ಬರ್ನರ್ ಕೊಳ್ಳುವ ಮೊದಲು ನಿಮಗೆ ಗಂಟೆಗೆ ಎಷ್ಟು ಕೆ.ಜಿ. ಗ್ಯಾಸ್ ಉರಿಯಬೇಕು ಎಂದು ಲೆಕ್ಕ ಹಾಕಿ.

ಅರ್ಧ ಡಬರಿ, ಅಂದರೆ 60 ಲೀಟರ್ ನೀರು 25 ಡಿಗ್ರಿಯಿಂದ ಕುದಿಗೆ ಬರಬೇಕು ಎಂದು ಹಿಡಿಯಿರಿ. ಧಾರವಾಡ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದು ಸುಮಾರು 97.5 ಡಿಗ್ರಿಗೆ, 98 ಎಂದು ಹಿಡಿಯೋಣ. 60 × 4.19 × 73 = ಸುಮಾರು 18,350 ಕಿಲೋಜೂಲ್. ಇದು ನೀರಿನೊಳಗೆ ಹೋಗಬೇಕಾದ ಕಾವು.

ಒಂದು ಕೆ.ಜಿ. ಎಲ್‌ಪಿಜಿ ಸುಮಾರು 46,000 ಕಿಲೋಜೂಲ್ ಕೊಡುತ್ತದೆ. ಆದರೆ ಬಯಲಲ್ಲಿ ಉರಿಸಿದರೆ ಅದರಲ್ಲಿ ನೂರಕ್ಕೆ 35 ಭಾಗ ಪಾತ್ರೆಗೆ ಸೇರಿದರೆ ಪುಣ್ಯ. ಗಾಳಿ ತಡೆಯುವ ತಗಡು ಸುತ್ತ ಹಾಕಿದರೆ 45ರ ತನಕ ಹೋಗುತ್ತದೆ. ತಗಡಿಲ್ಲದೆ 1.14 ಕೆ.ಜಿ., ತಗಡು ಹಾಕಿದರೆ 0.89 ಕೆ.ಜಿ. ಗ್ಯಾಸ್. ನಲವತ್ತು ನಿಮಿಷದಲ್ಲಿ ಕುದಿ ಬರಬೇಕು ಎಂದರೆ ಗಂಟೆಗೆ 1.7 ಕೆ.ಜಿ. ಅಥವಾ 1.3 ಕೆ.ಜಿ. ಉರಿಸುವ ಬರ್ನರ್ ಬೇಕು. ತಗಡೊಂದೇ ಬರ್ನರಿನ ಒಂದು ಸೈಜ್ ಇಳಿಸಿತು, ಗಮನಿಸಿ.

ಈಗ ಮೂರನೇ ಪ್ರಶ್ನೆ. 19 ಕೆ.ಜಿ. ಸಿಲಿಂಡರ್ ಬಿಡದೆ ಕೊಡಬಲ್ಲದ್ದು ಗಂಟೆಗೆ ಸುಮಾರು 1 ಕೆ.ಜಿ., ಅದೂ ತುಂಬಿದ್ದಾಗ, ಬಿಸಿಲ ಹೊತ್ತಿನಲ್ಲಿ. ಅಂದರೆ ಒಂದು ಬರ್ನರಿಗೇ ಒಂದು ಸಿಲಿಂಡರ್ ಸಾಲದು.

ಬೆಣ್ಣಿಹಳ್ಳ

ಸಿಲಿಂಡರ್‌ನಾಗ 19 ಕೆ.ಜಿ. ಗ್ಯಾಸ್ ಐತಿ, ಬೇಕಾಗಿದ್ದು ಒಂದು ಕೆ.ಜಿ. ಚಿಲ್ಲರ. ಸಾಲೋದಿಲ್ಲ ಅಂದ್ರ ಹೆಂಗ್ರಿ?

ಕಾವಿನ ಲೆಕ್ಕ, ಧಾರವಾಡ

ಒಳಗಿರುವುದು ದ್ರವ. ಅದು ಆವಿಯಾಗಿ ಹೊರಗೆ ಬರಬೇಕು. ಒಂದು ಕೆ.ಜಿ. ಆವಿಯಾಗಲು ಸುಮಾರು 350ರಿಂದ 400 ಕಿಲೋಜೂಲ್ ಕಾವು ಬೇಕು, ಅದನ್ನು ಸಿಲಿಂಡರ್ ತನ್ನ ಕಬ್ಬಿಣದ ಮೈಯಿಂದ, ಸುತ್ತಲಿನ ಗಾಳಿಯಿಂದ ಎಳೆದುಕೊಳ್ಳುತ್ತದೆ. ವೇಗವಾಗಿ ಎಳೆದರೆ ಮೈ ತಣ್ಣಗಾಗುತ್ತದೆ, ತಣ್ಣಗಾದರೆ ಒಳಗಿನ ಒತ್ತಡ ಇಳಿಯುತ್ತದೆ, ಉರಿ ಸಣ್ಣದಾಗುತ್ತದೆ. ಸಿಲಿಂಡರ್ ಹೊರಗೆ ಬೆವರು, ಆಮೇಲೆ ಬಿಳಿ ಇಬ್ಬನಿ ಪದರ ಕಟ್ಟುತ್ತದಲ್ಲ, ಆ ಗೆರೆ ಎಲ್ಲಿದೆಯೋ ಅಲ್ಲಿಯ ತನಕ ದ್ರವ ಇದೆ ಎಂದರ್ಥ.

ದ್ರವ ಕಡಿಮೆಯಾದಷ್ಟೂ ಒದ್ದೆ ಮೈ ಕಡಿಮೆ, ಕಾವು ಎಳೆದುಕೊಳ್ಳುವ ಶಕ್ತಿಯೂ ಕಡಿಮೆ. ಇನ್ನೊಂದು ತೊಡಕು: ನಮ್ಮಲ್ಲಿ ಬರುವುದು ಪ್ರೊಪೇನ್ ಮತ್ತು ಬ್ಯುಟೇನ್ ಬೆರಕೆ. ಪ್ರೊಪೇನ್ ಮೈನಸ್ 42 ಡಿಗ್ರಿಗೇ ಕುದಿಯುತ್ತದೆ, ಬ್ಯುಟೇನ್ ಸೊನ್ನೆಯ ಹತ್ತಿರ. ಪ್ರೊಪೇನ್ ಮೊದಲು ಹೆಚ್ಚು ಹೊರಟುಹೋಗುತ್ತದೆ, ತಳದಲ್ಲಿ ಉಳಿಯುವುದು ಬ್ಯುಟೇನ್ ಹೆಚ್ಚಿರುವ ಭಾಗ. ಡಿಸೆಂಬರ್ ನಸುಕಿನಲ್ಲಿ ಅರ್ಧ ಖಾಲಿ ಸಿಲಿಂಡರ್ ಮುನಿಸಿಕೊಳ್ಳುವುದು ಇದಕ್ಕೇ.

ತಾಜ್ ಚಹಾ, ಹಳೇ ಹುಬ್ಬಳ್ಳಿ

ಬಿಸಿನೀರಿನ ಬುಟ್ಟಿಯೊಳಗ ಸಿಲಿಂಡರ್ ನಿಲ್ಲಸ್ರಿ, ಝಾಡಿಸಿ ಬರತೈತಿ. ಎಲ್ಲಾ ಭಟ್ಟಿಯವರೂ ಮಾಡೋದು ಅದನ್ನ.

ಭಟ್ಟಿ ಜೋಡಣಿ, ಹುಬ್ಬಳ್ಳಿ

ಎಲ್ಲಾರೂ ಮಾಡತಾರ, ಖರೆ. ಆದ್ರೂ ಬ್ಯಾಡ್ರಿ. ನೀರು ಎಷ್ಟು ಬಿಸಿ ಐತಿ ಅಂತ ಯಾರೂ ಅಳಿಯೋದಿಲ್ಲ, ಇನ್ನೊಬ್ಬ ಬಂದು ಕುದಿಯೋ ನೀರು ಸುರೀತಾನ. ಬಿಸಿ ಆದಂಗ ಒಳಗ ಒತ್ತಡ ಏರತೈತಿ, ದ್ರವ ಹಿಗ್ಗತೈತಿ. ಕೆಲವರು ಸಿಲಿಂಡರ್ ಅಡ್ಡ ಮಲಗಸತಾರ, ಅದು ಇನ್ನೂ ಕೆಟ್ಟದ್ದು. ಮಲಗಿಸಿದ್ರ ದ್ರವಾನ ಪೈಪಿಗೆ ಬರತೈತಿ. ಒಂದು ಲೀಟರ್ ದ್ರವ ಹೊರಗ ಬಂದು ಸುಮಾರು 250 ಲೀಟರ್ ಗ್ಯಾಸ್ ಆಗತೈತಿ, ಬರ್ನರ್ ಬಾಯಾಗ ಮೊಳದುದ್ದ ಹಳದಿ ಉರಿ ಏಳತೈತಿ.

ಸರಿಯಾದ ದಾರಿ ಅಂದ್ರ ಎರಡು-ಮೂರು ಸಿಲಿಂಡರ್ ಒಂದ ಮ್ಯಾನಿಫೋಲ್ಡಿಗೆ, ಅಂದ್ರ ಎಲ್ಲಾದರ ಗ್ಯಾಸ್ ಒಂದ ಪೈಪಿಗೆ ಸೇರಸೋ ಜೋಡಣಿಗೆ, ಕೂಡಸೋದು. ಹಿಂಗ:

ಪ್ರತಿ ಸಿಲಿಂಡರಿನಿಂದ ಪಿಗ್‌ಟೇಲ್ ಅನ್ನೋ ಹೈ ಪ್ರೆಶರಿನ ಸಣ್ಣ ಜೋಡು ಪೈಪು, ಅದರ ತುದಿಗೆ ಗ್ಯಾಸ್ ಹಿಂದಕ್ಕ ಬಿಡದ ನಾನ್ ರಿಟರ್ನ್ ವಾಲ್ವ್, ಆಮೇಲೆ ಎಲ್ಲಾ ಕೂಡೋ ಹೆಡರ್ ಪೈಪು. ಹೆಡರಿಗೆ ಸಿ ಕ್ಲಾಸ್ (ದಪ್ಪ ಗೋಡೆಯ) ಜಿಐ, ಅಂದ್ರ ಸತುವು ಬಳಿದ ಕಬ್ಬಿಣದ ಪೈಪು, ಇಲ್ಲಂದ್ರ ತಾಮ್ರ. ಹೆಡರ್ ಆದ ಮ್ಯಾಲ ಒಂದ ರೆಗ್ಯುಲೇಟರ್, ಅದರ ಮುಂದ ಮೀಟರ್, ಅದರ ಮುಂದ ಕಾಲು ಸುತ್ತಿಗೆ ಬಂದ್ ಆಗೋ ಬಾಲ್ ವಾಲ್ವ್. ಅಲ್ಲಿಂದ ಕಬ್ಬಿಣದ ಪೈಪು ಭಟ್ಟಿ ತನಕ, ಕೊನೀಗೆ ಸಣ್ಣ ಹೋಸು, ಬರ್ನರಿಗೆ ಉರಿ ಸಣ್ಣಗ ದೊಡ್ಡದು ಮಾಡೋ ಒಂದು ನೀಡಲ್ ವಾಲ್ವ್. ಸಿಲಿಂಡರ್ ಉರಿಯಿಂದ ಕನಿಷ್ಠ 3 ಮೀಟರ್ ದೂರ, ಆದ್ರ ರಬ್ಬರ್ ಹೋಸು ಒಂದೂವರೆ ಮೀಟರ್ ಮೀರಬಾರದು. ಹಂಗಾಗಿ ನಡುವ ಗಟ್ಟಿ ಪೈಪು ಬೇಕೇ ಬೇಕು. ಉದ್ದ ಹೋಸು ನೆಲದ ಮ್ಯಾಲ ಹಾವಿನಂಗ ಬಿಟ್ರ ಡಬರಿ ಹೊರೋರ ಕಾಲಿಗೆ ಸಿಗತೈತಿ, ಹಾರಿ ಬಿದ್ದ ಕೆಂಡ ಮ್ಯಾಲ ಕುಂದ್ರತೈತಿ.

ಹೋಸಿನ ಮ್ಯಾಲ ಐಎಸ್ 9573 ಅಂತ ಒತ್ತಿರಬೇಕು, ತಯಾರಾದ ವರ್ಷ ಇರಬೇಕು. ರೆಗ್ಯುಲೇಟರ್ ಹೈ ಪ್ರೆಶರ್ ಇದ್ರ ಹೋಸೂ ಆ ಒತ್ತಡದ್ದ ಬೇಕು. ಮನಿ ಒಲಿ ಟ್ಯೂಬ್ ಸಿಗಿಸಿ ತಂತಿ ಸುತ್ತೋದು ಮಾಡಬ್ಯಾಡ್ರಿ, ಪಟ್ ಅಂತ ಕಳಚತೈತಿ. ಸ್ಕ್ರೂ ಕ್ಲಿಪ್ಪು ಎರಡೂ ತುದಿಗೆ.

ನಾನ್ ರಿಟರ್ನ್ ವಾಲ್ವ್ ಬಿಟ್ಟು ಜೋಡಸೋರು ಅದಾರ. ಅದಿಲ್ಲಂದ್ರ ತುಂಬಿದ್ದರಿಂದ ಖಾಲಿಗೆ ಗ್ಯಾಸ್ ಹಿಂದ ಹರೀತೈತಿ, ಒಂದು ಸಿಲಿಂಡರ್ ಬಿಚ್ಚಿದಾಗ ಆ ಬಾಯಿಂದ ಉಳಿದವುಗಳ ಗ್ಯಾಸೆಲ್ಲಾ ಹೊರಗ. ಇನ್ನೊಂದು: ಒಂದು ಸಿಲಿಂಡರ್ ಬಿಸಿಲಿಗೆ, ಒಂದು ನೆರಳಿಗೆ ಇಡಬ್ಯಾಡ್ರಿ. ಬಿಸಿಲಿನದ ಮೊದಲು ಖಾಲಿ ಆಗತೈತಿ, ಮತ್ತ ಒಂದರ ಮ್ಯಾಲ ಹೊರಿ ಬೀಳತೈತಿ.

ಖವಾ ಕಡಾಯಿ, ಧಾರವಾಡ

ಎಲ್ಲಾರೂ ಹೈ ಪ್ರೆಶರ್ ಹೈ ಪ್ರೆಶರ್ ಅನ್ಲಿಕ್ಕೆ ಹತ್ತೀರಿ. ನೀರು ಕುದಸ್ಲಿಕ್ಕೆ ಸರಿ ಅದ. ಹುಗ್ಗಿಗೆ, ಹಾಲಿಗೆ ಅದು ವೈರಿ. ಜೆಟ್ ಒಂದ ಕಡೆ ಹೊಡದ್ರ ತಳದಾಗ ರೊಟ್ಟಿಯಷ್ಟ ಜಾಗಾ ಕಪ್ಪಾಗ್ತದ, ಅಂಚಿನಾಗ ಇನ್ನೂ ಉಗುರುಬೆಚ್ಚಗ ಇರ್ತದ.

ಪೇಢೆ ಖವಾಕ್ಕ ಲೆಕ್ಕಾನ ಬ್ಯಾರೆ. 40 ಲೀಟರ್ ಎಮ್ಮಿ ಹಾಲಿಗೆ ಅಂದಾಜು 8 ಕೆ.ಜಿ. ಖವಾ. ಉಳಿದ 33 ಕೆ.ಜಿ. ನೀರು ಹಬಿ ಆಗಿ ಹೋಗಬೇಕು, ಒಂದು ಕೆ.ಜಿ.ಗೆ 2,257 ಕಿಲೋಜೂಲ್. ಕುದಿಗೆ ತರೋ ಕಾವು ಕೂಡಿಸಿದ್ರ ಸುಮಾರು 86,000. ನೂರಕ್ಕ 40 ಕಾವು ಸೇರಿದ್ರೂ ನಾಕೂಮುಕ್ಕಾಲು ಕೆ.ಜಿ. ಗ್ಯಾಸ್ ಹೋಗ್ತದ. ಆದ್ರ ಅದನ್ನ ಅರ್ಧ ತಾಸಿನಾಗ ಉರಸ್ಲಿಕ್ಕೆ ಬರೂದಿಲ್ಲ, ಹಾಲು ಕೇಳೂದಿಲ್ಲ. ಶುರುವಿಗೆ ದೊಡ್ಡ ಉರಿ, ಗಟ್ಟಿ ಆಗ್ಲಿಕ್ಕೆ ಹತ್ತಿದ ಕೂಡಲೆ ಅರ್ಧ, ಖುರಪಿಗೆ ಅಂಟ್ಲಿಕ್ಕೆ ಶುರು ಆದ ಮ್ಯಾಲ ಒಳಗಿನ ಉಂಗುರ ಅಷ್ಟ. ಅದಕ್ಕ ಎರಡು ಉಂಗುರದ, ಎರಡಕ್ಕೂ ಬ್ಯಾರೆ ಬ್ಯಾರೆ ವಾಲ್ವ್ ಇರೋ ಬರ್ನರ್ ತಗೊಳ್ರಿ.

ಹುಗ್ಗಿ ಹಾವೇರಿ

ಖವಾ ಕಡಾಯಿ ಅಣ್ಣಾರು ಹೇಳಿದ್ದು ಹುಗ್ಗಿಗೂ ಖರೆ. ಹುಗ್ಗಿ ತಳಾ ಯಾಕ ಹತ್ತತೈತಿ ಅಂದ್ರ: ನೀರು ತೆಳ್ಳಗಿರೋ ತನಕ ತಾನ ಮ್ಯಾಲ ಕೆಳಗ ತಿರಗತೈತಿ, ತಳದ ಕಾವು ಮ್ಯಾಲ ಒಯ್ಯತೈತಿ. ಗೋದಿ ಅರಳಿ ಗಂಜಿ ಬಿಟ್ಟ ಮ್ಯಾಲ ಆ ತಿರುಗಾಟ ನಿಲ್ಲತೈತಿ. ಅಷ್ಟೊತ್ತಿಗೆ ಬೆಲ್ಲಾ ಹಾಕಿದ್ರಂತೂ ಮುಗೀತು, ಬೆಲ್ಲಾ ಭಾರ, ಕರಗೋಕಿಂತ ಮೊದಲು ತಳಕ್ಕ ಹೋಗಿ ಕುಂದ್ರತೈತಿ.

120 ಲೀಟರ್ ಡಬರಿಗೆ ಅಳತಿ: ಕುಟ್ಟಿ ತೌಡು ತಗದ ಗೋದಿ 12 ಕೆ.ಜಿ., ಬೆಲ್ಲ 12ರಿಂದ 14 ಕೆ.ಜಿ., ನೀರು 45 ಲೀಟರ್, ಬ್ಯಾರೆ ಒಲಿ ಮ್ಯಾಲ 10 ಲೀಟರ್ ಬಿಸಿನೀರು ತಯಾರ ಇರಲಿ. ಗೋದಿ ರಾತ್ರಿ ನೆನಿ ಹಾಕ್ರಿ, ಬೆಳಿಗ್ಗಿ ಬೇಗ ಬೇಯತೈತಿ. 200 ಗ್ರಾಂ ಬಡಿಸಿದ್ರ 350 ಮಂದಿಗೆ ಸಾಲತೈತಿ.

ಕುದಿ ಬರೋ ತನಕ ಪೂರ್ತಿ ಉರಿ. ಕುದಿ ಬಂದು ಗೋದಿ ಹಾಕಿ ಮತ್ತ ಕುದಿ ಬಂದ ಕೂಡಲೆ ಉರಿ ಕಾಲು ಭಾಗಕ್ಕ ಇಳಸ್ರಿ. ಗೋದಿ ಬೆರಳಾಗ ಒತ್ತಿದ್ರ ನಡುವ ಬಿಳಿ ಚುಕ್ಕಿ ಉಳೀಬಾರದು. ಚುಕ್ಕಿ ಇರುವಾಗ ಬೆಲ್ಲಾ ಹಾಕಿದ್ರ ಆಮ್ಯಾಲ ಎಷ್ಟು ಉರದ್ರೂ ಗೋದಿ ಬಿರುಸ ಉಳೀತೈತಿ. ಬೆಲ್ಲಾ ಬ್ಯಾರೆ ಪಾತ್ರಿಯೊಳಗ ಕರಗಿಸಿ ಅರಿವ್ಯಾಗ ಸೋಸಿ ಹಾಕ್ರಿ, ಕಸರು ಉಸುಕು ಹೋಗತೈತಿ, ತಳಕ್ಕ ಗಟ್ಟಿ ಕುಂದ್ರೋದೂ ತಪ್ಪತೈತಿ. ಬೆಲ್ಲಾ ಬಿದ್ದ ಮ್ಯಾಲ ಕಟ್ಟಗಿ ಹುಟ್ಟು ತಳಾ ಮುಟ್ಟಿಸಿ ತಿರುವಬೇಕು, ಸುಮ್ನ ಮ್ಯಾಲ ಕಲಸಿದ್ರ ಅದು ಹುಟ್ಟು ಆಡಿಸಿದಂಗ ಅಷ್ಟ.

ಒಂದ ಉಂಗುರದ ಬರ್ನರ್ ಅದಾಗಲೇ ತಗೊಂಡಿದ್ರ ಡಬರಿ ಕೆಳಗ 6ರಿಂದ 8 ಮಿ.ಮೀ. ದಪ್ಪ ಕಬ್ಬಿಣದ ಹಾಳಿ ಇಡ್ರಿ, ದೊಡ್ಡ ಹಂಚಿನಂಗ. ಕುದಿ ಬರೋ ತನಕ ಅದು ಬ್ಯಾಡ, ಆಮ್ಯಾಲ ಇಡಬೇಕು ಅಂದ್ರ ನಾಕು ಮಂದಿ ಡಬರಿ ಎತ್ತಬೇಕು. ಅದಕ್ಕ ಎರಡು ಉಂಗುರದ್ದ ತಗೋರಿ ಅನ್ನೋದು.

ಬಿಟಿಯು ಹುಡುಗ, ವಿದ್ಯಾನಗರ

ಆನ್‌ಲೈನ್‌ನಲ್ಲಿ ಅಮೆರಿಕದ ಪ್ರೊಪೇನ್ ಬರ್ನರ್‌ಗಳನ್ನ ನೋಡಿದೆ. ಮನೇಲಿ ಬಿಯರ್ ಕುದಿಸೋರು ಬಳಸೋದು. 50,000 ಬಿಟಿಯು, 2 ಲಕ್ಷ ಬಿಟಿಯು ಅಂತ ಬರೆದಿರ್ತಾರೆ, ಗಂಟೆಗೆ ಎಷ್ಟು ಕಾವು ಅನ್ನೋದಕ್ಕೆ ಅವರ ಅಳತೆ. ದಾಸೋಹಕ್ಕೆ 2 ಲಕ್ಷದ್ದೇ ತಗೊಂಡ್ರೆ ಎಲ್ಲ ಬೇಗ ಆಗಲ್ವಾ?

ಕಾವಿನ ಲೆಕ್ಕ, ಧಾರವಾಡ

ಗಂಟೆಗೆ 1 ಕೆ.ಜಿ. ಎಲ್‌ಪಿಜಿ ಅಂದರೆ ಸುಮಾರು 12.8 ಕಿಲೋವಾಟ್, ಹೆಚ್ಚು ಕಡಿಮೆ 44,000 ಬಿಟಿಯು. 50,000 ಎಂದರೆ ಗಂಟೆಗೆ 1.15 ಕೆ.ಜಿ., ಇದು ನಮ್ಮ ಕೆಲಸಕ್ಕೆ ಹತ್ತಿರ. 2 ಲಕ್ಷ ಎಂದರೆ ಗಂಟೆಗೆ ನಾಲ್ಕೂವರೆ ಕೆ.ಜಿ., ಅದಕ್ಕೆ ಐದು ಸಿಲಿಂಡರ್ ಒಟ್ಟಿಗೆ ಜೋಡಿಸಬೇಕು. ಒಂದೇ ಸಿಲಿಂಡರಿಗೆ ಸಿಕ್ಕಿಸಿದರೆ ಹತ್ತು ನಿಮಿಷ ಅಬ್ಬರಿಸಿ ಆಮೇಲೆ ಸಣ್ಣ ಬರ್ನರಿಗಿಂತ ಕಡೆಯಾಗುತ್ತದೆ. ಅವರ ಸಿಲಿಂಡರಿನಲ್ಲಿ ಇರುವುದು ಬಹುಮಟ್ಟಿಗೆ ಪ್ರೊಪೇನ್ ಒಂದೇ, ಚಳಿಯಲ್ಲೂ ಒತ್ತಡ ಬಿಡುವುದಿಲ್ಲ. ಮತ್ತೆ, ಅವರು ಕುದಿಸುವುದು ತೆಳ್ಳಗಿನ ರಸ, ತಳ ಹತ್ತುವ ಚಿಂತೆ ಹುಗ್ಗಿಯಷ್ಟಿಲ್ಲ. ಇಲ್ಲಿ ಪರವಾನಗಿ ಇಲ್ಲದೆ ಬಿಯರ್ ಕುದಿಸಲು ಅಬಕಾರಿ ಕಾಯ್ದೆ ಬಿಡುವುದಿಲ್ಲ ಎಂಬುದು ಬೇರೆ ಮಾತು.

ಗಾಳಿ ಗದಗ

ತಗಡಿನ ಮಾತು ಬಂತು, ಹೇಳತೇನಿ. ಕಪ್ಪತಗುಡ್ಡದ ಮ್ಯಾಲ ಗಾಳಿಯಂತ್ರ ಸುಮ್ನ ನಿಲ್ಲಿಸಿಲ್ಲ, ನಮ್ಮ ಕಡೆ ಆಷಾಢದ ಗಾಳಿಗೆ ಬಯಲಾಗ ಬರ್ನರ್ ಹಚ್ಚಿದ್ರ ಪಾತ್ರಿಗಿಂತ ಪಕ್ಕದ ಗ್ವಾಡಿ ಬಿಸಿ ಆಗತೈತಿ.

ಸ್ಟ್ಯಾಂಡ್: 40×40×5 ಮಿ.ಮೀ. ಆ್ಯಂಗಲ್, ನಾಕು ಕಾಲು, ಕೆಳಗ ಸ್ವಲ್ಪ ಹೊರಗ ಚಾಚಿರಬೇಕು. ಮ್ಯಾಲ 70 ಸೆಂ.ಮೀ. ಚೌಕ, ಎತ್ತರ 40 ಸೆಂ.ಮೀ. ಡಬರಿ 45 ಸೆಂ.ಮೀ. ಅಂದ್ರ ಬಾಯಿ 85ಕ್ಕ ಬರತೈತಿ, ನಿಂತು ತಿರುವಾಕ ಸರಿ. ತುಂಬಿದ ಡಬರಿ 120 ಕೆ.ಜಿ. ಮೀರತೈತಿ, ಮ್ಯಾಲ ಇಬ್ಬರು ಹುಟ್ಟು ಹಾಕಿ ನೂಕತಾರ. ಮಣ್ಣ ನೆಲ ಇದ್ರ ಪ್ರತಿ ಕಾಲಿಗೆ 10 ಸೆಂ.ಮೀ. ಚೌಕದ ಹಾಳಿ ವೆಲ್ಡ್ ಮಾಡಸ್ರಿ, ಇಲ್ಲಂದ್ರ ಮಳಿಗಾಲದಾಗ ಒಂದು ಕಾಲು ಇಳದು ಡಬರಿ ವಾಲತೈತಿ.

ತಗಡು: 18 ಗೇಜ್, ಡಬರಿ ಸುತ್ತ 3ರಿಂದ 4 ಸೆಂ.ಮೀ. ಸಂದಿ ಬಿಡ್ರಿ. ಕೆಳಗ ಬರ್ನರ್ ಮಟ್ಟದಿಂದ ಮ್ಯಾಲ ಡಬರಿ ಮೈಗೆ ಒಂದು ಗೇಣು ಏರಬೇಕು. ಬುಡ ನೆಲಕ್ಕ ಮುಟ್ಟಬಾರದು, ಉರಿ ಉಸಿರಾಡೋದು ಅಲ್ಲಿಂದನ. ಸಂದಿ ಭಾಳ ಕಿರಿದು ಮಾಡಿದ್ರ ಹೊಗಿ ಹೊರಗ ಹೋಗಾಕ ಆಗದ ಉರಿ ಹಳದಿ ನಾಲಿಗಿ ಚಾಚಿ ಬುಡದಿಂದ ಹೊರಗ ಬರತೈತಿ. ವಾಲ್ವ್, ಹೋಸು ತಗಡಿನ ಹೊರಗ ಇರಬೇಕು.

ಸಿಲಿಂಡರ್ ಗಾಳಿಗೆ ಅಡ್ಡ ದಿಕ್ಕಿನಾಗ ಇಡ್ರಿ. ಗಾಳಿ ಬರೋ ಕಡೆ ಇಟ್ರ ಸೋರಿದ ಗ್ಯಾಸ್ ಉರಿಗೆ ಬರತೈತಿ, ಗಾಳಿ ಹೋಗೋ ಕಡೆ ಇಟ್ರ ಉರಿ ಝಳ ಸಿಲಿಂಡರಿಗೆ ಹೊಡೀತೈತಿ.

ಕೆಲಗೇರಿ ದಾಸೋಹ, ಧಾರವಾಡ

ಬರ್ನರ್ ತಲಿ ಎಷ್ಟು ಅಗಲ ಇರಬೇಕ್ರಿ? ಡಬರಿ ತಳಕ್ಕೂ ಬರ್ನರಿಗೂ ಅಂತರ?

ಭಟ್ಟಿ ಜೋಡಣಿ, ಹುಬ್ಬಳ್ಳಿ

ತಳದ ಅಗಲದ ಮೂರರಾಗ ಒಂದು ಭಾಗದಿಂದ ಅರ್ಧದ ತನಕ. ನಿಮ್ಮ 60ಕ್ಕ 20ರಿಂದ 30 ಸೆಂ.ಮೀ. ಅದಕ್ಕಿಂತ ದೊಡ್ಡದಾದ್ರ ಉರಿ ಡಬರಿ ಪಕ್ಕಕ್ಕ ಏರತೈತಿ, ಗ್ಯಾಸ್ ದಂಡ, ಹಿಡಿಕಿ ಸುಡತೈತಿ.

ಅಂತರಕ್ಕ ಒಂದ ಅಳತಿ ಅಂತ ಇಲ್ಲ, ಉರಿ ನೋಡಿ ಇಡಬೇಕು. ಉರಿಯೊಳಗ ಎರಡು ಭಾಗ ಕಾಣತಾವು: ಒಳಗ ಗಾಢ ನೀಲಿ ಮೊಗ್ಗು, ಹೊರಗ ತಿಳಿ ನೀಲಿ. ಆ ಮೊಗ್ಗಿನ ತುದಿ ಡಬರಿಗೆ ತಾಗಬಾರದು. ತಾಗಿದ್ರ ಅರ್ಧಂಬರ್ಧ ಉರದು ಕಣ್ಣು ಉರಿಯೋ ವಾಸನಿ ಬರತೈತಿ, ವಾಸನಿ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಸೈತ ಬರತೈತಿ, ತಳಕ್ಕ ಕಾಡಿಗಿ ಹಿಡೀತೈತಿ. ಹೊರಗಿನ ತಿಳಿ ನೀಲಿ ತಾಗಬೇಕು. ಸ್ಟ್ಯಾಂಡಿನಾಗ ಬರ್ನರ್ ಏರಿಸಿ ಇಳಸೋ ಹಂಗ ಬೋಲ್ಟಿಗೆ ಉದ್ದ ಸೀಳು ಬಿಡಸ್ರಿ.

ಗಾಳಿ ತಗಡು, ಅಂದ್ರ ಜೆಟ್ ಹತ್ರ ತಿರುಗೋ ಬಿಲ್ಲಿ, ಅದನ್ನ ಕತ್ತಲದಾಗ ಕೂಡಸ್ರಿ. ಬಿಸಿಲಾಗ ನೀಲಿ ಉರಿ ಕಾಣಂಗಿಲ್ಲ. ಮೊದಲು ಪೂರ್ತಿ ಮುಚ್ಚಿ ಹಚ್ಚಿದ್ರ ಹಳದಿ ಉರಿ. ಸಾವಕಾಶ ತಗೀರಿ, ತುದಿಯ ಹಳದಿ ಹೋಗಿ ನೀಲಿ ಆಗತೈತಿ. ಇನ್ನೂ ತಗದ್ರ ಉರಿ ಬರ್ನರ್ ಬಿಟ್ಟು ಮ್ಯಾಲ ಹಾರತೈತಿ, ಭುಸ್ ಅಂತ ಸಪ್ಪಳ. ಅಲ್ಲಿಂದ ಒಂದೀಟು ಹಿಂದ ಬಂದು ಸ್ಕ್ರೂ ಬಿಗೀರಿ.

ಇನ್ನೊಂದು ರೋಗ: ಉರಿ ಹಿಂದಕ್ಕ ಹೋಗಿ ಜೆಟ್ ಬಾಯಾಗ ಉರಿಯೋದು. ಪಟ್ ಅಂತ ಸಪ್ಪಳ, ಆಮ್ಯಾಲ ಗುಂಯ್ ಅಂತ ಒಳಗ ಉರಿಯೋ ಸದ್ದು. ಒತ್ತಡ ಭಾಳ ಇಳಿಸಿದಾಗ, ತೂತು ದೊಡ್ಡವಾದಾಗ ಹಂಗ ಆಗತೈತಿ. ವಾಲ್ವ್ ಬಂದ್ ಮಾಡಿ, ಐದು ನಿಮಿಷ ಆರಲಿಕ್ಕೆ ಬಿಟ್ಟು ಮತ್ತ ಹಚ್ಚಬೇಕು. ಹಂಗ ಉರಿಯಾಕ ಬಿಟ್ರ ಗ್ಯಾಸು ಗಾಳಿ ಕೂಡೋ ಮಿಕ್ಸಿಂಗ್ ಪೈಪು ಕೆಂಪಾಗಿ ಸೀಳತೈತಿ.

ರೊಟ್ಟಿ ಖಾನಾವಳಿ, ರಾಣೆಬೆನ್ನೂರು

ಅನ್ನದ ಗಂಜಿ ಉಕ್ಕಿ ಬರ್ನರ್ ತೂತು ಮುಚ್ಚಿ ಹೋಗತಾವು. ಸೂಜಿ ಹಾಕಿ ಚುಚ್ಚಿದ್ರ ನಡೀತೈತೇನ್ರಿ ಅಣ್ಣಾರ?

ಭಟ್ಟಿ ಜೋಡಣಿ, ಹುಬ್ಬಳ್ಳಿ

ಬರ್ನರ್ ತಲಿ ತೂತಿಗೆ ನಡೀತೈತ್ರಿ ಅಕ್ಕಾರ, ಆರಿದ ಮ್ಯಾಲ ತಂತಿ ಬ್ರಷ್ ಹಾಕಿ ತಿಕ್ಕಿ, ಬೋರಲ ಹಾಕಿ ತಟ್ಟಬೇಕು. ಜೆಟ್ಟಿಗೆ ಮಾತ್ರ ಸೂಜಿ, ಪಿನ್ನು ಮುಟ್ಟಿಸಬ್ಯಾಡ್ರಿ. ಅದು ಹಿತ್ತಾಳಿ, ಮೆತ್ತಗ. 0.8 ಮಿ.ಮೀ. ತೂತು 1 ಮಿ.ಮೀ. ಆದ್ರ ಗ್ಯಾಸ್ ನೂರಕ್ಕ 56 ಹೆಚ್ಚಿಗಿ ಹೋಗತೈತಿ, ಗಾಳಿ ಅಷ್ಟ ಇರತೈತಿ, ಉರಿ ಹಳದಿ. ಜೆಟ್ ಬಿಚ್ಚಿ ಸೀಮಿಎಣ್ಣಿ ಇಲ್ಲಾ ಥಿನ್ನರ್‌ನಾಗ ನೆನಿ ಹಾಕಿ ಊದ್ರಿ. ಹೋಗಲಿಲ್ಲಂದ್ರ ಹೊಸಾದು ಹಾಕ್ರಿ.

ಸುಡೋ ಎರಕದ ಬರ್ನರ್ ಮ್ಯಾಲ ತಣ್ಣೀರು ಸುರೀಬ್ಯಾಡ್ರಿ, ಬಿರುಕು ಬಿಡತೈತಿ. ತಿಂಗಳುಗಟ್ಟಲೆ ಬಿಟ್ಟ ಬರ್ನರ್ ಮಿಕ್ಸಿಂಗ್ ಪೈಪಿನಾಗ ಜೇಡ ಬಲಿ ಕಟ್ಟಿರತೈತಿ, ಜಾತ್ರಿ ಹಿಂದಿನ ದಿನ ಬಾಟಲಿ ಬ್ರಷ್ ತೂರಿಸಿ ತಗೀರಿ.

ಬಿಟಿಯು ಹುಡುಗ, ವಿದ್ಯಾನಗರ

ಬ್ಲೋವರ್ ಇರೋ ಚೈನೀಸ್ ಬರ್ನರ್?

ಖವಾ ಕಡಾಯಿ, ಧಾರವಾಡ

ಬ್ಯಾಡ. ಕರೆಂಟ್ ಹೋದ್ರ ಗಾಳಿ ನಿಲ್ತದ, ಗ್ಯಾಸ್ ನಿಲ್ಲೂದಿಲ್ಲ.

ಕಾವಿನ ಲೆಕ್ಕ, ಧಾರವಾಡ

ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ ಪೈಪ್ ಗ್ಯಾಸ್ ಬಂದಿದೆ, ಅದಕ್ಕೆ ಇದೇ ಬರ್ನರ್ ಹಾಕಲಾಗುವುದಿಲ್ಲ. ಅದು ನೈಸರ್ಗಿಕ ಅನಿಲ, ಅಷ್ಟೇ ಗಾತ್ರದಲ್ಲಿ ಎಲ್‌ಪಿಜಿಯ ಅರ್ಧಕ್ಕಿಂತ ಕಡಿಮೆ ಕಾವು, ಜೆಟ್ ದೊಡ್ಡದಿರಬೇಕು. ಆ ಜೆಟ್‌ನಿಂದ ಎಲ್‌ಪಿಜಿ ಬಿಟ್ಟರೆ ಉರಿ ಮುಖಕ್ಕೆ ಬರುತ್ತದೆ.

ಮುಚ್ಚಿದ ಕೋಣೆಯಲ್ಲಿ ಮಾಡುವವರಿಗೆ ಒಂದು ಮಾತು: ಒಂದು ಕೆ.ಜಿ. ಗ್ಯಾಸ್ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಹತ್ತಡಿ ಉದ್ದ, ಅಗಲ, ಎತ್ತರದ ಕೋಣೆಯಲ್ಲಿ ಇರುವುದೇ 28. ಮೇಲೆ ಕಿಟಕಿ ಇದ್ದರೆ ಸಾಲದು, ನೆಲಮಟ್ಟದಲ್ಲೂ ಜಾಲರಿ ಬೇಕು.

ಹುಗ್ಗಿ ಹಾವೇರಿ

ಹಿತ್ತಾಳಿ ಕೊಪ್ಪರಿಗಿ ಬಗ್ಗೆ ಯಾರೂ ಹೇಳಲಿಲ್ಲ. ಕಲಾಯಿ ಅಂದ್ರ ತವರ, ಅದು 232 ಡಿಗ್ರಿಗೆ ಕರಗತೈತಿ. ಕಟ್ಟಗಿ ಒಲಿಗೆ ಖಾಲಿ ಕೊಪ್ಪರಿಗಿ ಇಟ್ಟು ಸಾವಕಾಶ ಎಣ್ಣಿ ಹಾಕೋ ರೂಢಿ ಇರತೈತಿ, ಹೈ ಪ್ರೆಶರ್ ಉರಿಗೆ ಅದು ನಡಿಯಂಗಿಲ್ಲ. ಎರಡು ನಿಮಿಷದಾಗ ತಳದಾಗ ಬೆಳ್ಳಿ ಹನಿ ಓಡಾಡತಾವು, ಕಲಾಯಿ ಹೋತು. ಮೊದಲು ನೀರು ಇಲ್ಲಾ ಎಣ್ಣಿ, ಆಮ್ಯಾಲ ಉರಿ. ಕಲಾಯಿ ಹೋದ ಕೊಪ್ಪರಿಗ್ಯಾಗ ಹುಣಸಿಹಣ್ಣಿನ ಸಾರು ಮಾಡಬ್ಯಾಡ್ರಿ, ಕಿಲುಬು ಇಳೀತೈತಿ. ಸಾರು ಅಲ್ಯೂಮಿನಿಯಂನಾಗೂ ಭಾಳ ಹೊತ್ತು ಇಡಬಾರದು, ಆದ ಕೂಡಲೆ ಸ್ಟೀಲಿಗೆ ಸುರೀರಿ.

ಭಟ್ಟಿ ಜೋಡಣಿ, ಹುಬ್ಬಳ್ಳಿ

ಮೊದಲ ಸರ್ತಿ ಹಚ್ಚೋ ಕ್ರಮ, ಬರಕೊಳ್ರಿ.

ಸಿಲಿಂಡರ್ ತಗೊಳ್ಳುವಾಗ ಕೊರಳಪಟ್ಟಿಯೊಳಗ ಅಕ್ಷರ, ವರ್ಷ ನೋಡ್ರಿ. ಎ ಅಂದ್ರ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ದಿಂದ ಜೂನ್, ಹಿಂಗ ಡಿ ತನಕ. ಆ ಅವಧಿ ದಾಟಿದ್ರ ಪರೀಕ್ಷಾ ಬಾಕಿ ಐತಿ ಅಂತ, ವಾಪಸ್ ಕೊಡ್ರಿ. ಖಾಲಿ ಸಿಲಿಂಡರಿನ ತೂಕಾನೂ ಅದರ ಮ್ಯಾಲ ಒತ್ತಿರತಾರ.

ಎಲ್ಲಾ ಜೋಡಿಸಿ, ಬರ್ನರ್ ವಾಲ್ವ್ ಬಂದ್ ಇಟ್ಟು, ಸಿಲಿಂಡರ್ ವಾಲ್ವ್ ತಗೀರಿ. ಮೀಟರ್ ಏರತೈತಿ. ಸಿಲಿಂಡರ್ ಬಂದ್ ಮಾಡಿ ಹತ್ತು ನಿಮಿಷ ಬಿಡ್ರಿ. ಮುಳ್ಳು ಇಳಿದ್ರ ಎಲ್ಲೋ ಸೋರತೈತಿ. ಸಿಲಿಂಡರ್ ವಾಲ್ವ್ ಮತ್ತ ತಗದು, ಸಾಬೂನು ನೊರಿ ಪ್ರತಿ ಜೋಡಿಗೆ ಹಚ್ಚಿ ಗುಳ್ಳಿ ನೋಡ್ರಿ, ವಾಲ್ವ್ ಹಿಡಿಕಿ ಬುಡಕ್ಕೂ ಹಚ್ಚಬೇಕು, ಅಲ್ಲೇ ಹೆಚ್ಚು ಸೋರೋದು. ಕಡ್ಡಿ ಗೀರಿ ನೋಡೋ ಶಾಣ್ಯಾತನ ಬ್ಯಾಡ.

ಹಚ್ಚುವಾಗ ಉರಿ ಮೊದಲು, ಗ್ಯಾಸ್ ಆಮ್ಯಾಲ. ಉದ್ದ ಲೈಟರ್ ಬರ್ನರ್ ಬಾಯಿಗೆ ಹಿಡದು ವಾಲ್ವ್ ಸಣ್ಣಗ ತಗೀರಿ. ಐದು ಸೆಕೆಂಡಿನಾಗ ಹತ್ತಲಿಲ್ಲಂದ್ರ ಬಂದ್ ಮಾಡಿ ಐದು ನಿಮಿಷ ಕಾಯ್ರಿ, ತಗಡಿನೊಳಗ ಗ್ಯಾಸ್ ಕುಂತಿರತೈತಿ. ಮುಗಿದ ಮ್ಯಾಲ ಸಿಲಿಂಡರ್ ಮೊದಲು ಬಂದ್, ಪೈಪಿನಾಗಿಂದು ಉರದು ತಾನ ಆರಲಿ, ಆಮ್ಯಾಲ ಬರ್ನರ್ ವಾಲ್ವ್. ಗ್ಯಾಸ್ ಸೋರಿದ್ರ ಫೋನ್ ನಂಬರ್ 1906, ಶೆಡ್ಡಿನ ಕಂಬಕ್ಕ ಬರದು ಹಾಕ್ರಿ.

ಬರ್ನರ್ ಖರೆ ಎಷ್ಟು ಉರಸತೈತಿ ಅಂತ ತಿಳೀಬೇಕಂದ್ರ ಸಿಲಿಂಡರ್ ತಕ್ಕಡಿ ಮ್ಯಾಲ ಇಟ್ಟು ಅರ್ಧ ತಾಸು ಬರೇ ನೀರು ಕುದಸ್ರಿ. ತೂಕ ಎಷ್ಟು ಇಳೀತೋ ಅದರ ಎರಡರಷ್ಟು ಗಂಟೆ ಲೆಕ್ಕ. ಅಂಗಡಿಯವನ ಮಾತಿಗಿಂತ ಅದು ಖರೆ.

ಕೆಲಗೇರಿ ದಾಸೋಹ, ಧಾರವಾಡ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಹಿಂಗ ನಿಕ್ಕಿ ಮಾಡೇವಿ, ತಪ್ಪಿದ್ರ ಹೇಳ್ರಿ. ಎರಡು ಉಂಗುರದ ಬರ್ನರ್ ಎರಡು, ತಗಡು ಸುತ್ತಿ. 19 ಕೆ.ಜಿ. ಸಿಲಿಂಡರ್ ಎರಡು, ಮ್ಯಾನಿಫೋಲ್ಡಿಗೆ. ಬೆಳಿಗ್ಗಿ ಐದೂವರೆಗೆ ಎರಡೂ ಬರ್ನರ್ ಒಮ್ಮೆ ಹಚ್ಚಿ, ಒಂದರ ಮ್ಯಾಲ ಹುಗ್ಗಿ, ಒಂದರ ಮ್ಯಾಲ ಸಾರು. ಆಮ್ಯಾಲ ಪಲ್ಯ, ಕಡೀಕ ಅನ್ನ. ಸ್ಟಾಕಿಗೆ ಅಂತ ಬ್ಯಾರೆ ನಾಕು ತುಂಬಿದ ಸಿಲಿಂಡರ್ ಶೆಡ್ಡಿನಾಗ.

ಕಾವಿನ ಲೆಕ್ಕ, ಧಾರವಾಡ

ಎರಡು ತಿದ್ದುಪಡಿ. ಎರಡೂ ಬರ್ನರ್ ಒಟ್ಟಿಗೆ ಪೂರ್ತಿ ಉರಿದರೆ ಗಂಟೆಗೆ 2.6 ಕೆ.ಜಿ. ಬೇಕು, ನಸುಕಿನ ತಂಪಿನಲ್ಲಿ ಎರಡು ಸಿಲಿಂಡರ್ ಅದನ್ನು ಕೊಡಲಾರವು. ಮೂರು ಜೋಡಿಸಿ, ಒಟ್ಟಿಗೆ ಹಚ್ಚಬೇಡಿ. ಹುಗ್ಗಿಯನ್ನು ಐದೂವರೆಗೆ ಹಚ್ಚಿ, ಅದು ಕುದಿ ಬಂದು ಕಾಲು ಉರಿಗೆ ಇಳಿದ ಮೇಲೆ, ಅಂದರೆ ಆರೂಕಾಲರ ಹೊತ್ತಿಗೆ, ಸಾರು ಹಚ್ಚಿ. ಆಗ ಯಾವ ಹೊತ್ತಿನಲ್ಲೂ ಗಂಟೆಗೆ 1.7 ಮೀರುವುದಿಲ್ಲ.

ಒಟ್ಟು ಖರ್ಚು ನೋಡಿ: ಹುಗ್ಗಿಗೆ ಒಂದೂವರೆ ಕೆ.ಜಿ., ಸಾರಿಗೆ 1.2, ಅನ್ನಕ್ಕೆ 1.2, ಪಲ್ಯಕ್ಕೆ ಅರ್ಧ. ಎಲ್ಲ ಸೇರಿ ಐದು ಕೆ.ಜಿ.ಯೊಳಗೆ. ಸರ್ತಿಗೆ ಖರ್ಚಾಗುವುದು ಒಂದು ಸಿಲಿಂಡರಿನ ಕಾಲು ಭಾಗ, ಜೋಡಿಸಬೇಕಾದ್ದು ಮಾತ್ರ ಮೂರು. ಹಾಗಾಗಿ ಸ್ಟಾಕಿಗೆ ನಾಲ್ಕು ಬೇಕಿಲ್ಲ, ಒಂದು ಸಾಕು. ಅಷ್ಟೇ ಅಲ್ಲ, 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ಒಂದು ಜಾಗದಲ್ಲಿ 100 ಕೆ.ಜಿ. ಮೀರಿ ಎಲ್‌ಪಿಜಿ ಇಡಲು ಪರವಾನಗಿ ಬೇಕು. ಎರಡು ಮತ್ತು ನಾಲ್ಕು ಸೇರಿದರೆ 114.

ಭಟ್ಟಿ ಜೋಡಣಿ, ಹುಬ್ಬಳ್ಳಿ

ಅನ್ನ ಕಡೀಕ ಇಟ್ಟೀರಿ, ಛಲೋ ಆತು. ಆದ್ರ ಆ ಹೊತ್ತಿಗೆ ಸಿಲಿಂಡರ್ ತಣ್ಣಗಾಗಿರತಾವು. ಅನ್ನದ ನೀರು ತಣ್ಣೀರು ಇಡಬ್ಯಾಡ್ರಿ, ಹುಗ್ಗಿ ಕಾಲು ಉರಿಯೊಳಗ ಇರುವಾಗ ಅದರ ಬಾಯಿ ಮ್ಯಾಲ ಮುಚ್ಚಳದ ಬದಲಿ ನೀರಿನ ಪರಾತ ಇಡ್ರಿ. ಹಬಿಗೆ ಪುಕ್ಕಟೆ ಬಿಸಿ ಆಗತೈತಿ.

ಹುಗ್ಗಿ ಹಾವೇರಿ

ಪರಾತ ಗೋದಿ ಬೇಯೋ ತನಕ ಅಷ್ಟರಿ. ಬೆಲ್ಲಾ ಬಿದ್ದ ಮ್ಯಾಲ ತಗದು ಬಿಡ್ರಿ, ಹುಟ್ಟು ಹಾಕಾಕ ಬಾಯಿ ತೆರದಿರಬೇಕು.